ಜೋಡಿ ಹೊಲಿಗೆ

ಶನಿವಾರ ಸಂಜೆ. ಬಳ್ಳಾರಿ ಕೌಲ್ ಬಜಾರಿನ
ಜೀನ್ಸ್ ಘಟಕದ ಮಾಳಿಗೆ.
ಕೆಳಗೆ ಮಷಿನ್ನುಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿವೆ.
ಬಟವಾಡೆಯ ಚೀಟಿ ಐವತ್ತೆರಡು ಬರಬೇಕು,
ಬಂದದ್ದು ಐವತ್ತು.

ತಪ್ಪು ನನ್ನದೇ. ಹಳೇ ಪೆಟ್ಟಿಗೆ ಸುಟ್ಟು
ಹೊಸದು ಬಂದಾಗ ಅದರಲ್ಲಿ ಬಾಷ್ ಇರಲಿಲ್ಲ.
ಸ್ಕ್ರಿಪ್ಟು ಎಲ್ಲಿಗೆ ಒಯ್ದರೂ ಓಡಲಿ ಅಂತ
ಜೋಡಿ ಕಂಸ ಒಡೆದು ಒಂಟಿ ಮಾಡಿದೆ,
ಎರಡು ಸಮಚಿಹ್ನೆಯಲ್ಲಿ ಒಂದನ್ನು ಕಿತ್ತೆ.
ಒಡೆಯುವುದು ಗೊತ್ತಿತ್ತು, ಕಟ್ಟುವುದು ಮರೆತೆ.

ಕೇಳುವುದು ಒಂದೇ ಪ್ರಶ್ನೆ:
ಹಾಜರಿ ಪುಸ್ತಕದ ಹೆಸರು, ಪೀಸಿನ ಪುಸ್ತಕದ ಹೆಸರು
ಎರಡೂ ಒಂದೇನಾ?

ಹನ್ನೆರಡನೇ ಟೋಕನ್ ಜಿಲಾನಿ ಬಾಷಾ.
ನಡುವಿನ ಸಣ್ಣ ಜಾಗ ಕಂಡದ್ದೇ ತಡ
ಶೆಲ್ಲು ಅವನನ್ನು ಇಬ್ಬರಾಗಿ ಕತ್ತರಿಸಿ
ಇಷ್ಟು ಜನ ಯಾಕೆ ಬಂದಿರಿ ಎಂದು ಗದರಿತು.
ಬಾಷ್ ಇಲ್ಲದ ಊರಲ್ಲಿ ಬಾಷಾನಿಗೂ ಜಾಗವಿಲ್ಲ.

ನಲವತ್ತೊಂದು, ಗುರುವಾರ ಸೇರಿದ ಹುಡುಗಿ, ಕಾಜಾ ಹೊಲಿಯುವವಳು.
ಹಾಜರಿಯಲ್ಲಿ ಖಾಲಿ, ಪೀಸಿನಲ್ಲಿ ಬರೀ ‘ಹೊಸಾಕಿ’.
ಡಾಲರ್ ಚಿಹ್ನೆ ಹಚ್ಚಿ ಹೆಸರು ಕೂಗಿದೆ.
ಖಾಲಿ, ಖಾಲಿಯಾಗಿಯಾದರೂ ಕೂರಲಿಲ್ಲ,
ಎದ್ದೇ ಹೋಯಿತು.
ಕಂಸದೊಳಗೆ ಒಂದೇ ತಟ್ಟೆಯ ತಕ್ಕಡಿ.

ಜಿಲಾನಿ ಮೇಲೆ ಬಂದ. “ಅಕ್ಕಾ, ನನ್ ಚೀಟಿ?”
ಪರದೆ ತೋರಿಸಿದೆ. ಓದಲಿಲ್ಲ,
ಬಟ್ಟೆ ನೋಡುವ ಹಾಗೆ ಬೆರಳಲ್ಲಿ ಮುಟ್ಟಿ ನೋಡಿದ.
“ಅಂಚು ಹೊಲೀದೆ ವಾಷಿಂಗಿಗೆ ಕಳ್ಸಿದ್ರೆ
ಪ್ಯಾಂಟು ಹೋಗ್ತತಿ, ದಾರ ಬರ್ತತಿ.”

ಹೊಲಿದೆ. ಪ್ರತಿ ಡಾಲರಿನ ಹಿಂದೆ ಎರಡು ಗೆರೆ,
ಹೆಸರು ಮುಗಿದ ಕಡೆ ಮತ್ತೆರಡು.
ಒಂಟಿ ಗೆರೆ ಸಾಲದು; ಅದರೊಳಗೆ ಡಾಲರು
ಬರೀ ಚಿತ್ರ, ಕರೆದರೆ ಯಾರೂ ಬರುವುದಿಲ್ಲ.
ಖಾಲಿ ಹೆಸರಿಗೂ ಹೊಲಿದೆ:
ನಡುವೆ ಏನೂ ಇಲ್ಲದ ನಾಲ್ಕು ಗೆರೆ,
ಯಾರೋ ಬರುವವರಿದ್ದಾರೆ ಅಂತ
ಬಸ್ಸಿನ ಸೀಟಿಗೆ ಹಾಕಿದ ಟವಲ್ಲು.

ಓಡಿಸಿದೆ. ಐವತ್ತೊಂದು.
ನಲವತ್ತೊಂದರ ಎದುರು ಈಗ ಬೈಗುಳವಿಲ್ಲ;
‘ಹೆಸರು ಹೊಂದುತ್ತಿಲ್ಲ, ಕೇಳಿ ನೋಡು’ ಎಂಬ
ಎಂದೋ ನಾನೇ ಬರೆದು ಮರೆತ ಸಾಲು.

ಕೆಳಗಿಳಿದೆ. ನಲ್ಲಿಯ ಹತ್ತಿರ
ನೀಲಿ ಹತ್ತಿದ ಬೆರಳು ತಿಕ್ಕುತ್ತಿದ್ದಳು.
“ನಿನ್ ಹೆಸರೇನವ್ವಾ?”
“ಸಣ್ಣ ಈರಮ್ಮ. ದೊಡ್ಡ ಈರಮ್ಮ ನಮ್ಮಕ್ಕ.”
ಅಂಗೈ ಮೇಲೆ ಬರೆದುಕೊಂಡೆ.
ಬಗ್ಗಿ ನೋಡಿದಳು.
“ಕೂಡ್ಸಿ ಬರೀಬ್ಯಾಡ್ರಿ ಅಕ್ಕಾ,
ನಡುವೆ ಜಾಗ ಬಿಡ್ರಿ.”