ಜುಮಾ ಬಿನ್ ಸರ್ಹಾನ್ ಮತ್ತು ಮಕ್ಕಳು

ಕಂಪನಿಗೆ ಎಂಬತ್ತು ತುಂಬಿತಂತೆ. ಸ್ಮರಣ ಸಂಚಿಕೆಗೆ
ಎರಡು ಪುಟ ಬರೆದುಕೊಡಿ ಲಾದ್ರು, ಅಂದರು
ಮೊಮ್ಮಗ ಸಾಹೇಬರು. ಸಾವು ಬೇಡ, ಸಂಬಳ ಬೇಡ,
ಮುತ್ತಿನ ಮಾತಿರಲಿ, ಅದು ಎಲ್ಲರಿಗೂ ಇಷ್ಟ.

ಬರೆಯುತ್ತೇನೆ.

ಮುತ್ತಿನ ಬೆಲೆ ಬಿದ್ದ ವರ್ಷ ಜುಮಾ ನಾಖುದಾ
ದೋಣಿ ಬಿಚ್ಚಿಸಿದ. ಹಲಗೆ ಬಾಗಿಲಾಯಿತು,
ಹಾಯಿಕಂಬ ತೊಲೆಯಾಯಿತು.
ಮುಳುಗು ಹಾಕುತ್ತಿದ್ದವರನ್ನು ಕರೆದು ಅಂದನಂತೆ:
ಉಸಿರು ಹಿಡಿಯೋದು ಗೊತ್ತಲ್ಲ, ಇನ್ನು ಕಲ್ಲು ಹಿಡಿಯಿರಿ.
ಮುಹರ್ರಕ್ಕಿನ ತಗ್ಗು ನೀರಲ್ಲಿ ಹವಳದ ಬಂಡೆ
ಹಾರೆಯಿಂದ ಎಬ್ಬಿಸಿ, ಕತ್ತೆಯ ಮೇಲೆ ಹೇರಿ,
ಉಪ್ಪು ಬಿಡಲೆಂದು ಒಂದು ಚಳಿಗಾಲ ಹೊರಗಿಟ್ಟು
ಮೊದಲ ಗೋಡೆ ಏಳಿಸಿದರು. ಅದೇ ಈ ಗೋದಾಮು.

ಆಗ ಬಾಗಿಲಲ್ಲಿ ನಿಂತು ಉಗುಳಿದರೆ ಕಡಲಿಗೆ ಬೀಳುತ್ತಿತ್ತು.
ಈಗ ಕಡಲಿಗೆ ಹೋಗಲು ಬಸ್ಸು ಹತ್ತಬೇಕು.
ಗೋದಾಮು ಒಂದಿಂಚೂ ಕದಲಿಲ್ಲ.
ಕಡಲ ಬಾಯಿಗೆ ಮಣ್ಣು ಹಾಕಿದವರು ನಾವೇ,
ಟಿಪ್ಪರಿನ ಲೆಕ್ಕ ನನ್ನ ಕೈಬರಹದಲ್ಲೇ ಇದೆ:
ದಿನಕ್ಕೆ ಇನ್ನೂರ ಹತ್ತು,
ಶುಕ್ರವಾರ ಬಿಟ್ಟು.

ಹಳೆಯ ಖಾತೆ ಪುಸ್ತಕ ನನಗಿಂತ ಮೊದಲಿದ್ದ
ಭಟ್ಕಳದ ಮೀರಾನ್ ಸಾಹೇಬರದು. ಮೊದಲ ಸಾಲು:
ಲಾಮುವಿನಿಂದ ಕಾಂಡ್ಲಾ ಕಂಬ ನೂರ ಇಪ್ಪತ್ತು.
ಮಂಗಳೂರು ಹಂಚು ನಾಲ್ಕು ಸಾವಿರ,
ಒಡೆದದ್ದು ಮುನ್ನೂರ ಹದಿನಾರು.
ಒಡೆದ ಹಂಚಿಗೊಂದು ಕಾಲಮ್ಮು. ಜನರಿಗೂ ಒಂದು:
ಹೆಬ್ಬೆಟ್ಟು, ಹೆಬ್ಬೆಟ್ಟು, ಹೆಬ್ಬೆಟ್ಟು, ಆಮೇಲೆ
ಹೆಸರಿನ ಮುಂದೆ ಖಾಲಿ.
ಖಾಲಿಗೆ ಎರಡರ್ಥ, ಅಂದಿದ್ದರು ಮೀರಾನ್ ಸಾಹೇಬರು
ನನಗೆ ಪುಸ್ತಕ ಒಪ್ಪಿಸುವ ದಿನ. ಒಂದು, ಊರಿಗೆ ಹೋದ.
ಇನ್ನೊಂದನ್ನು ಹೇಳದೆ ಕನ್ನಡಕ ಒರೆಸಿಕೊಂಡರು.

ಕುವೈತಿನ ಬಾವಿಗಳು ಉರಿದ ವರ್ಷ
ನಡುಮಧ್ಯಾಹ್ನ ದೀಪ ಹಚ್ಚಿ ಗಾರೆ ಕಲಸಿದೆವು.
ಬಿಳಿ ಬಳಿದ ಶಾಲೆ ಬೆಳಗಾದರೆ ಬೂದಿ.
ಮತ್ತೆ ಬಳಿದೆವು. ಮತ್ತೆ ಬೂದಿ.
ಮೂರನೇ ಸಲ ಇಂಜಿನಿಯರು ಬೂದಿಬಣ್ಣವನ್ನೇ
ಆರಿಸಿಕೊಟ್ಟ. ಬಿಲ್ಲು ಪಾಸಾಯಿತು.

ಮನೆ ಕಟ್ಟಿ ನೋಡು ಅಂತಾರೆ ನಮ್ಮಲ್ಲಿ.
ಕಟ್ಟುವುದು ಕಾಂಟ್ರ್ಯಾಕ್ಟಿನಲ್ಲಿತ್ತು, ನೋಡುವುದು ಇರಲಿಲ್ಲ.
ಬೀಗದ ಕೈ ಕೊಟ್ಟ ಮರುದಿನವೇ ಕಾವಲುಗಾರ
ಯಾರು ನೀನು ಅಂತ ತಡೆಯುತ್ತಾನೆ,
ಆ ಮನೆಯ ನಲ್ಲಿ ಯಾವ ಕಡೆ ತಿರುಗುತ್ತದೆಂದು
ಬಲ್ಲವನನ್ನು.
ಸೆಂಟ್ರಿಂಗಿನ ವಾಮನಾಚಾರಿ ಮಾತ್ರ ಪ್ರತಿ ಶುಕ್ರವಾರ
ಇಸ್ತ್ರಿ ಅಂಗಿ ತೊಟ್ಟು, ತಾನು ಹಲಗೆ ಹೊಡೆದ
ಆಸ್ಪತ್ರೆಯೆದುರು ಬೆಂಚಲ್ಲಿ ಕೂತು ಬರುತ್ತಿದ್ದ.
ಯಾಕೆ ಆಚಾರ್ರೇ ಅಂದರೆ,
ಬಿರುಕು ಬಿಟ್ಟಿಲ್ಲ ಅನ್ನುತ್ತಿದ್ದ.
ಮೂವತ್ತೊಂದು ವರ್ಷ, ಅದೊಂದೇ ವರದಿ.

ನಾಳೆ ಗೋದಾಮು ಕೆಡವುತ್ತಾರೆ. ಆ ಜಾಗದಲ್ಲಿ
ಕಂಪನಿಯ ಚರಿತ್ರೆಯ ಮ್ಯೂಸಿಯಮ್ಮು:
ಗಾಜು, ಏಸಿ, ಮೇಣದ ನಾಖುದಾ.
ಇವತ್ತು ಹಂಚು ಇಳಿಸುವಾಗ ಒಂದರ ಹಿಂಬದಿ
ಹಸಿಮಣ್ಣಲ್ಲಿ ಒತ್ತಿದ ನಾಲ್ಕು ಬೆರಳು ಕಂಡವು,
ಸಣ್ಣವು, ಹೆಂಗಸಿನದೋ ಹುಡುಗನದೋ.
ನನ್ನಜ್ಜಿ ಸೆವೆರಿನ್ ಬಾಯಿ ಬೋಳಾರದ ಫ್ಯಾಕ್ಟರಿಯಲ್ಲಿ
ಹಂಚು ಹೊತ್ತದ್ದು ಹೌದು. ಇದು ಅವಳದೆನ್ನಲಾರೆ,
ಅಲ್ಲಿ ನಾನೂರು ಹೆಂಗಸರಿದ್ದರು.
ನನ್ನ ಬೆರಳಿಟ್ಟು ನೋಡಿದೆ. ಹಿಡಿಸಲಿಲ್ಲ.
ಖಾತೆಗೆ ಬರೆದೆ: ಹಂಚು, ಒಂದು. ಒಡೆದಿಲ್ಲ.

ಸಾಹೇಬರಿಗೆ ಎರಡು ಪುಟ ಬೇರೆ ಕೊಟ್ಟಿದ್ದೇನೆ,
ಪೂರಾ ಮುತ್ತಿನ ಮಾತು.

ಸಂಜೆ ಬೋರ್ಡು ಇಳಿಸುವಾಗ ತಗಡು ಮುರಿದು
'ಮತ್ತು ಮಕ್ಕಳು' ಎಂಬ ತುಂಡು ಕಳಚಿ ಬಂತು.
ಎಲ್ಲಿಡಲಿ ಎಂದ, ಗೋರಖಪುರದ ಕ್ರೇನಿನ ಹುಡುಗ.
ಒಳಗೆ, ಅಂದೆ. ಹಾಜರಿ ಪುಸ್ತಕದ ಪಕ್ಕ.