ಬೆರಳ ಲೆಕ್ಕ

ಆರೆಕಿಪಾದ ಗೋದಾಮಿನಲ್ಲಿ ಉಣ್ಣೆ ವಿಂಗಡಿಸುವುದು ನನ್ನ ಕೆಲಸ.
ಕಣ್ಣಿಗಿಲ್ಲಿ ಹೆಚ್ಚು ಬೆಲೆಯಿಲ್ಲ, ಬೆರಳೇ ಎಲ್ಲ.
ಹೆಬ್ಬೆರಳು ತೋರುಬೆರಳ ನಡುವೆ ಎಳೆಯೊಂದ ಉಜ್ಜಿ
ನವಿರು ಇತ್ತ, ಒರಟು ಅತ್ತ, ಉಳಿದದ್ದು ಮೂರನೆಯ ಬುಟ್ಟಿಗೆ.
ಹತ್ತೊಂಬತ್ತು ವರ್ಷ. ಬೆರಳ ಗೆರೆಗಳೆಲ್ಲ ಸವೆದು
ಗುರುತಿನ ಚೀಟಿಯ ಕಚೇರಿಯಲ್ಲಿ
ಯಂತ್ರ ನನ್ನನ್ನು ನಾನೆಂದು ಒಪ್ಪಲಿಲ್ಲ.

ಸತುರ್ನಿನಾ ಕಹುವಾನಾ ಮೊದಲ ಸಲ ಬಂದಾಗ
ತಂದದ್ದು ಒಂದೇ ಮೂಟೆ,
ಬಸ್ಸಿನ ನೆತ್ತಿಯ ಮೇಲೆ, ಆಲೂಗಡ್ಡೆಗಳ ಜೊತೆ.
ಮೂರು ಹೆಣ್ಣು ಅಲ್ಪಾಕಾಗಳ ವರ್ಷದ ಮೈತೊಗಲು ಬಿಟ್ಟ ಬೆಚ್ಚಗೆ:
ಕಪ್ಪು, ಕಂದು, ಬಿಳಿ ಕಲಸುಮೇಲೋಗರ,
ನಡುನಡುವೆ ಮುಳ್ಳು, ಮಣ್ಣು, ಒಣಹುಲ್ಲು.
"ತೂಕಕ್ಕೆಂದು ಮಣ್ಣು ಬೆರೆಸಿದೆಯಾ?" ಎಂದೆ.
ನಾನಾಗ ಚಿಕ್ಕವಳು, ನಾಲಗೆ ಉದ್ದ.
ಅವಳು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಕೂತು
ಮಧ್ಯಾಹ್ನವಿಡೀ ನನ್ನ ಬೆರಳನ್ನೇ ನೋಡಿದಳು.

ಮರುವರ್ಷ ಬಣ್ಣಕ್ಕೊಂದು ಗಂಟು.
ಅದರ ಮರುವರ್ಷ ಕತ್ತಿನದು ಬೇರೆ, ಬೆನ್ನಿನದು ಬೇರೆ.
ಹನ್ನೊಂದೂವರೆ ತಿಂಗಳು ಹೊತ್ತು
ಒಂದೇ ಒಂದು ಮರಿ ಹಾಕುವ ಪ್ರಾಣಿಯ ಹಿಂದೆ ನಡೆದವಳಿಗೆ
ಅದಕ್ಕಿಂತ ವೇಗ ಗೊತ್ತಿರಲಿಲ್ಲವೋ, ಬೇಕಿರಲಿಲ್ಲವೋ.
ನಾಲ್ಕು ಐದಾಗಿ, ಐದು ಮತ್ತೆ ನಾಲ್ಕಾಗಿ:
ನರಿ ಒಯ್ದದ್ದು, ಹೊಳೆ ಒಯ್ದದ್ದು, ಮೈದುನ ಮಾರಿ ಕುಡಿದದ್ದು.
ಹನಿಗೂಡಿ ಹಳ್ಳವಂತೆ.
ಅಷ್ಟು ಎತ್ತರದಲ್ಲಿ ಹನಿ ಮೊದಲು ಹೆಪ್ಪುಗಟ್ಟುತ್ತದೆ.

ಏಳನೆಯ ವರ್ಷದ ಉಣ್ಣೆ ರೇಷ್ಮೆಯಂತಿತ್ತು.
ಹಿಗ್ಗಿ ಮೊದಲ ದರ್ಜೆಯ ರಾಶಿಗೆ ಎಸೆಯಬೇಕು,
ಅಷ್ಟರಲ್ಲಿ ಎಳೆಯೊಂದರ ಎರಡೂ ತುದಿ ಹಿಡಿದು
ನನ್ನ ಕಿವಿಯ ಬಳಿ ಜಗ್ಗಿದಳು.
ಟಕ್.
"ಆಗಸ್ಟಿನ ಹಿಮ," ಎಂದಳು. "ಇಪ್ಪತ್ತು ದಿನ ಹುಲ್ಲೇ ಕಾಣಲಿಲ್ಲ.
ಹಸಿದರೆ ಉಣ್ಣೆ ನವಿರಾಗುತ್ತದೆ ಮಗಳೇ,
ಗಟ್ಟಿಯಾಗುವುದಿಲ್ಲ."
ಸುಮ್ಮನಿದ್ದಿದ್ದರೆ ಮೊದಲ ದರ್ಜೆಯ ದುಡ್ಡು.
ತಾನೇ ಬಾಚಿ ಮೂರನೆಯ ಬುಟ್ಟಿಗೆ ಹಾಕಿದಳು.
ಆ ವರ್ಷದ ಮರಿ ಒಂದೂ ಉಳಿಯಲಿಲ್ಲವೆಂದು ಹೇಳಿದ್ದು
ಬಸ್ಸು ಹೊರಡುವಾಗ, ಕಿಟಕಿಯಿಂದ,
ಚಿಲ್ಲರೆ ಎಣಿಸುತ್ತ.

ಅವಳ ನೆರೆಯವನು ಮೆಲ್ಚೋರ್ ಒಮ್ಮೆಗೇ ನೂರು ಕೊಂಡ.
ಮೂರೇ ವರ್ಷ. ಈಗ ಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ.
ನೀತಿಪಾಠಕ್ಕೆ ಹೇಳಿದ್ದಲ್ಲ ಇದು,
ಚೆನ್ನಾಗಿಯೇ ಇದ್ದಾನೆ, ಹಲ್ಲಿಗೆ ಚಿನ್ನ ಕಟ್ಟಿಸಿದ್ದಾನೆ,
ನನ್ನಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ.

ಈ ನವೆಂಬರಿನಲ್ಲಿ ಸತುರ್ನಿನಾ ಬಂದದ್ದು
ಲಾರಿಯ ಮುಂದಿನ ಸೀಟಿನಲ್ಲಿ, ಟೋಪಿ ಮಡಿಲಲ್ಲಿ.
ಹಿಂದೆ ಒಂಬತ್ತು ಮೂಟೆ.
ತೂಗುವ ಮೊದಲು ರವಿಕೆಯೊಳಗಿಂದ ತೆಗೆದಳು
ಮೊದಲ ಸಲ ಕತ್ತರಿ ಕಂಡ ಕಂದು ಮರಿಯ ಒಂದು ಗುಚ್ಛ.
"ಹೇಳು."
ಉಜ್ಜಿದೆ. ಏನೂ ತಿಳಿಯಲಿಲ್ಲ.
ಬೆರಳು ಸವೆದದ್ದನ್ನು ಅವಳಿಗೆ ಹೇಗೆ ಹೇಳಲಿ?
ತುಟಿಗೆ ಸವರಿಕೊಂಡೆ. ಆಮೇಲೆ
ಕಿವಿಯ ಬಳಿ ಒಂದೆಳೆ ಹಿಡಿದು ಜಗ್ಗಿದೆ,
ಇನ್ನೊಮ್ಮೆ ಜಗ್ಗಿದೆ.

ತಲೆಯೆತ್ತಿದರೆ ಅವಳು ಬಾಗಿಲ ಬಳಿ
ಕಾವಲುಗಾರನ ಜೊತೆ ಖಾಲಿ ಚೀಲಕ್ಕೆ ಜಗಳ ತೆಗೆದಿದ್ದಳು.
ಒಂಬತ್ತು ತಂದವಳು
ಹತ್ತು ಕೇಳುತ್ತಿದ್ದಳು.