ಉಪ್ಪು ನೋಡುವುದು

ನಮಗೆ ಉಳಿದದ್ದು ಒಂದೇ ಭಾನುವಾರ.
ವಿಲ್ಡರನ ರಜೆ ಆರು ದಿನ, ಅದರಲ್ಲಿ ನಾಲ್ಕನ್ನು
ಕಾರಿನ ರೇಡಿಯೇಟರು ತಿಂದು ಹಾಕಿತ್ತು.
ಬಾಡಿಗೆ ಮನೆಯ ಮೇಜಿನ ಮೇಲೆ ನಕ್ಷೆ ಹರಡಿ
ಮೂಲೆಗೊಂದು ಪೀಚ್ ಹಣ್ಣು ಇಟ್ಟೆವು,
ಜನವರಿಯ ಗಾಳಿಗೆ ಉರುಗ್ವಾಯ್ ಹಾರಿಹೋಗದ ಹಾಗೆ.

ದಂಡೆಗೇನು ಬರ? ಬೆರಳು ಎಳೆದಲ್ಲೆಲ್ಲ ಮರಳು.
ನಾವೆಲ್‌ಗೆ ನಾಲ್ಕು ವರ್ಷ; ನೂರು ಹೆಜ್ಜೆ ನಡೆದರೂ
ನೀರು ಅವನ ಮೊಣಕಾಲು ದಾಟಬಾರದು.
ಬ್ರೀಸಾಳಿಗೆ ಹದಿನಾಲ್ಕು; ಅವಳಿಗೆ ಅಲೆ ಬೇಕು,
ನಮ್ಮಿಂದ ದೂರವೂ ಬೇಕು.
ವಿಲ್ಡರ್ ಕೇಳಿದ್ದು ನೆರಳು, ಅದೂ ಕಾರಿಗೆ.
ನಾನು ಏನೂ ಕೇಳಲಿಲ್ಲ. ಕೇಳಿದ್ದರೆ
ಶೌಚಾಲಯಕ್ಕೆ ಬಾಗಿಲಿರುವ, ಆ ಬಾಗಿಲಿಗೆ ಚಿಲಕವಿರುವ
ಒಂದು ದಂಡೆ ಸಾಕು ಎನ್ನುತ್ತಿದ್ದೆ.

ಮನೆಯ ಮಾಲೀಕ ಡಾರ್ವಿನ್ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟ:
ಮೂಡಣದ್ದು ಬೇಡ, ಅಲ್ಲಿ ನೀರು ಕಾಲೆಳೆಯುತ್ತದೆ,
ಹೋದ ವರ್ಷ ಕೆಂಪು ಬಾವುಟ ಇಳಿಸಲೇ ಇಲ್ಲ.
ಬಂದರಿನದ್ದರಲ್ಲಿ ಧ್ವನಿವರ್ಧಕ.
ಬಂಡೆಗಳದ್ದು ಚೆಂದ, ಚಿಪ್ಪಿಗೆ ಪಾದ ಕೊಡುವವರಿಗೆ.
ಮಕ್ಕಳು ಮುದುಕರು ಇದ್ದೀರಿ, ಪೈನ್ ಮರಗಳ ಕೊಲ್ಲಿಗೆ ಹೋಗಿ.
ಅಲ್ಲಿ ನೀರು ತೊಟ್ಟಿಲು, ತೂಗುತ್ತದೆ ಅಷ್ಟೇ.

ಅತ್ತೆ ಎಡೆಲ್ಮಾ ಒಂದು ಮೂಲೆಯ ಪೀಚ್ ಎತ್ತಿಕೊಂಡು
ಸಿಪ್ಪೆ ಸುಲಿಯುತ್ತ ಕೇಳಿದಳು:
ಇವುಗಳಲ್ಲಿ ಸಮುದ್ರ ಯಾವುದು?

ನಕ್ಕೆವು. ನಕ್ಷೆ ಆ ಮೂಲೆಯಿಂದ ಮೇಲೆದ್ದಿತು.
ಹೊಳೆ ಎಲ್ಲಿ ಮುಗಿಯಿತೆಂದು ಯಾರು ಹೇಳಬೇಕು?
ಮಳೆ ಹೆಚ್ಚಾದ ವರ್ಷ ಕಂದು ನೀರು ಮೂಡಣಕ್ಕೆ ಒತ್ತುತ್ತದೆ,
ಗಾಳಿ ತಿರುಗಿದರೆ ಹಸಿರು ಮರಳಿ ಬರುತ್ತದೆ.
ನಕ್ಷೆಯಲ್ಲಿ ಎರಡಕ್ಕೂ ಒಂದೇ ನೀಲಿ.

ಕೊಲ್ಲಿಗೇ ಹೋದೆವು.
ಐದು ಜನಕ್ಕೆ ಹನ್ನೊಂದು ಚೀಲ, ಮೂಗಿಗಿಂತ ಮೂಗುತಿ ಭಾರ.
ಡಾರ್ವಿನ್ ಹೇಳಿದ್ದೆಲ್ಲ ನಿಜ. ಕಾರಿಗೆ ನೆರಳು ಸಿಕ್ಕಿತು.
ಚಿಲಕದ ಜಾಗದಲ್ಲಿ ದಾರ ಇತ್ತು, ಇರಲಿ.
ನಾವೆಲ್ ಹತ್ತು ಹೆಜ್ಜೆಗೊಮ್ಮೆ ತಿರುಗಿ
ನಾವು ಇದ್ದೇವೆಯೇ ಎಂದು ಎಣಿಸಿಕೊಳ್ಳುತ್ತ ನಡೆದ.
ಬ್ರೀಸಾ ನೀರಿಗೆ ಬೆನ್ನು ಹಾಕಿ ಕೂತಳು.

ಎಡೆಲ್ಮಾ ಕಾಲುಚೀಲ ಮಡಚಿ ಬೂಟಿನೊಳಗಿಟ್ಟಳು.
ಬಾಗಿದಳು. ಬೆರಳದ್ದಿ ನಾಲಗೆಗೆ ಹಚ್ಚಿದಳು,
ಕುದಿಯುವ ಸಾರಿನ ಉಪ್ಪು ನೋಡುವ ಹಾಗೆ. ಇನ್ನೊಮ್ಮೆ.
ಸಪ್ಪೆ, ಎಂದಳು.
ಇದು ನಮ್ಮೂರ ಹೊಳೆ.

ಪಾಸೊ ದೆ ಲೊಸ್ ತೋರೊಸ್‌ನ ಸೇತುವೆ ಕೆಳಗೆ
ಮೂವತ್ತು ವರ್ಷ ರೈಲ್ವೆಯವರ ಹೊದಿಕೆ ಒಗೆದವಳು,
ಸೋಪಿನ ನೊರೆ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದವಳು.
ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದೆ, ಸಮುದ್ರಕ್ಕೆ ಅಂದಿದ್ದರು.
ಸುಳ್ಳು. ಇಲ್ಲೇ ನಿಂತಿದೆ ನೋಡು.

ಅಷ್ಟು ಹೇಳಿ ಕುರ್ಚಿಗೆ ಹೋಗಿ ಕೂತಳು.
ಮಾತೇ ಕಷಾಯದ ಬುರುಡೆ ಕೈಯಿಂದ ಕೈಗೆ ಸುತ್ತಿತು.
ಎರಡನೆಯ ಸುತ್ತಿಗೆ ನಾನು ಕೀಲಿ ತೆಗೆದುಕೊಂಡೆ.
ವಿಲ್ಡರ್ ರೇಡಿಯೇಟರು ಎಂದ, ಆಮೇಲೆ ಸುಮ್ಮನಾದ;
ನಾವೆಲ್ ಅವನ ಹೊಟ್ಟೆಯ ಮೇಲೆ ನಿದ್ದೆ ಹೋಗಿದ್ದ.
ಬ್ರೀಸಾ ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಕೂತಳು.

ನಲವತ್ತು ಕಿಲೋಮೀಟರು. ಸದ್ದು ಮೊದಲು ಬಂತು, ನೀರು ಆಮೇಲೆ.
ಕೆಂಪು ಬಾವುಟ. ಕಾವಲು ಹುಡುಗ ಸೀಟಿ ಊದುತ್ತ ಓಡಿಬಂದ:
ಅಜ್ಜೀ, ಇಳಿಯುವ ಹಾಗಿಲ್ಲ!
ಇಳಿಯುವುದಿಲ್ಲ ಮಗಾ, ಉಪ್ಪು ನೋಡಿ ಹೋಗುತ್ತೇನೆ.
ಅವನು ಸೀಟಿ ಬಾಯಲ್ಲೇ ಇಟ್ಟುಕೊಂಡು ಒಂದು ತೋಳು ಹಿಡಿದ,
ಬ್ರೀಸಾ ಇನ್ನೊಂದು.
ಬಾಗುವ ಕಷ್ಟ ಅವಳಿಗೆ ಕೊಡದೆ
ಅಲೆಯೇ ಎದ್ದು ಸೊಂಟದವರೆಗೆ ಬಂತು.

ಥೂ! ಎಂದು ಉಗಿದಳು.
ಇಷ್ಟೊಂದು ಯಾರು ಹಾಕಿದರು?
ಮತ್ತೆ ಅಲ್ಲಿಂದ ಕದಲಲಿಲ್ಲ, ಹುಡುಗನ ಡ್ಯೂಟಿ ಮುಗಿಯುವ ತನಕ.

ವಾಪಸು ದಾರಿಯಲ್ಲಿ ಯಾರೂ ಮಾತಾಡಲಿಲ್ಲ.
ಕನ್ನಡಿಯಲ್ಲಿ ಕಂಡೆ: ತೋಳಿನ ಮೇಲೆ ಒಣಗಿ ಬಿಳಿಯಾದದ್ದನ್ನು
ಎಡೆಲ್ಮಾ ಮೆಲ್ಲಗೆ ನೆಕ್ಕುತ್ತಿದ್ದಳು,
ಕಿಟಕಿಯಾಚೆ ನೋಡುತ್ತ, ನಮಗೆ ಕಾಣುವುದಿಲ್ಲವೆಂಬ ಹಾಗೆ.